ಜರ್ಗಾಳ ಕಾಲ್ಕಟ್ಟು

ಮುದಿ ಒಂಟೆ ಕೊಳ್ಳಲು ಬಂದವನು ಮೊದಲು ಬಾಯಿ ತೆಗೆಸಿ ಹಲ್ಲು ನೋಡುತ್ತಾನೆ. ಹ್ಮೈದಾ ಬಾನೆಟ್ ಎತ್ತಿ ನೋಡಿದ. ನೋಡಿದವನು ನಾಲಗೆಯಲ್ಲಿ ‘ಲೊಚ್’ ಎಂದು ಸದ್ದು ಮಾಡಿ, ಬೆರಳಿಗೆ ಹತ್ತಿದ ಧೂಳನ್ನು ತನ್ನ ನೀಲಿ ನಿಲುವಂಗಿಗೆ ಒರೆಸಿಕೊಂಡ.

“ತಾಯೀ, ನಿಮ್ಮ ಗಾಡಿ ಯಾವಾಗಲೋ ತೀರಿಕೊಂಡಿದೆ. ಮಣ್ಣು ಮಾಡೋದೊಂದೇ ಬಾಕಿ.”

ಗುಡಾರದ ನೆರಳಲ್ಲಿ ಕೂತು ಟೀ ಕಾಯಿಸುತ್ತಿದ್ದ ಮೆನ್ನಾ ತಲೆ ಎತ್ತಲಿಲ್ಲ. ಮೇಲಿನ ಲೋಟದಿಂದ ಕೆಳಗಿನ ಲೋಟಕ್ಕೆ, ಕೆಳಗಿನದರಿಂದ ಮೇಲಿನದಕ್ಕೆ ನೊರೆ ಬರುವ ತನಕ ಸುರಿದಳು. ಆಮೇಲೆ ಅಂದಳು: “ಸತ್ತದ್ದನ್ನ ಕೊಳ್ಳೋಕೆ ಸಮುದ್ರದ ಕಡೆಯಿಂದ ಲಾರಿ ಹೊಡ್ಕೊಂಡು ಬಂದಿದ್ದೀಯ. ನೀನೇನು ವ್ಯಾಪಾರಿನಾ, ರಣಹದ್ದಾ?”

ಹ್ಮೈದಾ ಹೊಟ್ಟೆ ಕುಣಿಸಿ ನಕ್ಕ. ಮರುಭೂಮಿಯಲ್ಲೆಲ್ಲ ಅಲೆದು, ನಿಂತುಹೋದ ಹಳೆಯ ಲ್ಯಾಂಡ್‌ರೋವರುಗಳನ್ನು ಹುಡುಕಿ ಕೊಂಡು, ನುವಾದಿಬು ಬಂದರಿನಿಂದ ಹಡಗು ಹತ್ತಿಸುವುದು ಅವನ ಕಸುಬು. ಸಮುದ್ರ ದಾಟಿದ ಮೇಲೆ ಅಲ್ಲಿನ ದುಡ್ಡಿದ್ದವರು ಅವಕ್ಕೆ ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿ ನೋಡುತ್ತಾರಂತೆ.

“ನೋಡೋದಾ? ಬರೀ ನೋಡೋದಾ?” ಎಂದು ಮೆನ್ನಾ ಆಗಲೇ ಎರಡು ಸಲ ಕೇಳಿದ್ದಳು. ಆ ಮಾತು ಅವಳಿಗೆ ಅರಗಿರಲಿಲ್ಲ.

ತೆಕ್ಬರ್ ಮಾತ್ರ ಗಾಡಿಯ ಆಚೆ ಬದಿಯಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಮೆನ್ನಾಳ ಮಗಳು, ಇಪ್ಪತ್ತಮೂರು ವಯಸ್ಸು. ಹೊಸಬರು ಬಂದರೆ ಅವಳು ನಿಲ್ಲುವುದು ಹೀಗೆಯೇ, ನಡುವೆ ಏನಾದರೊಂದು ಅಡ್ಡ ಇಟ್ಟುಕೊಂಡು. ಅವಳ ಬೆನ್ನಿಗೆ ತಾಗುತ್ತಿದ್ದ ಬಾಗಿಲಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಬಳೆ, ಬಳೆಯ ಕೆಳಗೆ ಎರಡು ಗೀರು. ಅದು ಅವಳಪ್ಪ ಸಾಲೆಕ್‌ನ ಒಂಟೆಗಳ ತೊಡೆಯ ಮೇಲೆ ಇರುತ್ತಿದ್ದ ಮುದ್ರೆ. ಬೂದುನೀಲಿ ಹೆಣ್ಣೊಂಟೆಯನ್ನು ಜರ್ಗಾ ಎಂದು ಕರೆಯುವ ಹಾಗೆ ಅವನು ಈ ಬೂದುನೀಲಿ ಗಾಡಿಯನ್ನೂ ಜರ್ಗಾ ಎಂದೇ ಕರೆದ. ಅದಕ್ಕೂ ಮುದ್ರೆ ಹಾಕಿದ. ಅವನು ಸತ್ತು ಹದಿನೈದು ವರ್ಷ. ಜರ್ಗಾ ಮಂಡಿಯೂರಿ ಕೂತೂ ಅಷ್ಟೇ ವರ್ಷ.

“ಇಲ್ಲಿ ನೋಡಿ,” ಹ್ಮೈದಾ ಎಂಜಿನ್ನಿನ ಪಕ್ಕದ ಬರಿದಾದ ತೂತಿಗೆ ಬೆರಳು ಹಾಕಿದ. “ಕಿಡಿ ಹಂಚೋ ಡಬ್ಬಿ ಇಲ್ಲ. ಅದಿಲ್ಲದಿದ್ರೆ ಇದು ಎಂಜಿನ್ನಲ್ಲ, ಅಡಿಗೆ ಒಲೆ. ಈ ಕಾಲದ್ದು ಎಲ್ಲೂ ಸಿಗಲ್ಲ.”

“ಕಳ್ಳರು ಹೊಡ್ಕೊಂಡು ಹೋದ್ರು,” ಅಂದ ದೆದ್ದಾ. ತೆಕ್ಬರಳ ಅಣ್ಣ. ರಾಜಧಾನಿ ನುವಾಕ್ಷೋತ್‌ನಲ್ಲಿ ಮೊಬೈಲ್ ಅಂಗಡಿ. ಖರ್ಜೂರದ ಸುಗ್ಗಿಗೆಂದು ಊರಿಗೆ ಬಂದಿದ್ದ. ಹದಿನೈದು ವರ್ಷದಿಂದ ಮನೆಯವರೆಲ್ಲ ಹೇಳುತ್ತಿದ್ದ ಮಾತನ್ನೇ ಅವನೂ ಹೇಳಿದ.

ಹ್ಮೈದಾ ಎರಡು ಲಕ್ಷ ಔಗಿಯ ಹಣ ಕೊಡುತ್ತೇನೆ ಅಂದ. ಮೆನ್ನಾ ಮೂರನೆಯ ಲೋಟ ಕೊಟ್ಟಳು, ಮಾತು ಕೊಡಲಿಲ್ಲ. ಚಿಂಗೆಟಿ ಕಡೆ ಇನ್ನೊಂದು ಗಾಡಿ ನೋಡುವುದಿದೆ, ಗುರುವಾರ ಮಧ್ಯಾಹ್ನ ಲಾರಿ ಸಮೇತ ಈ ದಾರಿಯಲ್ಲೇ ವಾಪಸು ಬರುತ್ತೇನೆ, ಅಷ್ಟರಲ್ಲಿ ಹೂಂ ಇಲ್ಲವೇ ಉಹೂಂ ಎಂದು ಅವನು ಹೊರಟ. ಅವತ್ತು ಭಾನುವಾರ.

ಲಾರಿಯ ಧೂಳು ಇಳಿಯುವ ಮೊದಲೇ ದೆದ್ದಾ ಶುರುಮಾಡಿದ.

“ಅಮ್ಮಾ, ಯೋಚನೆ ಮಾಡೋಕೆ ಏನಿದೆ? ಕೊಡೋಣ. ಅಂಗಡಿ ಹಿಂದಿನ ಎರಡು ರೂಮು ಬಾಡಿಗೆಗೆ ಇದೆ. ನೀನೂ ತೆಕ್ಬರೂ ಅಲ್ಲಿಗೆ ಬಂದುಬಿಡಿ. ಇವಳು ನನ್ನ ಜೊತೆ ಅಂಗಡೀಲಿ ಕೂತ್ಕೊಳ್ಳಲಿ.”

“ಅಂಗಡೀಲಾ? ಇವಳಾ?” ಮೆನ್ನಾ ನಕ್ಕಳು. “ಗಿರಾಕಿ ಬಂದ್ರೆ ಇವಳು ಮೇಜಿನ ಕೆಳಗೆ ಹೋಗ್ತಾಳೆ.”

“ಕಲೀತಾಳೆ ಬಿಡು. ಏನಂತೀಯ ತೆಕ್ಬರ್?”

ತೆಕ್ಬರಳಿಗೆ ಹೇಳುವುದು ಬೇಕಾದಷ್ಟಿತ್ತು. ತೋಟದ ನೀರಿನ ಪಂಪು ಕೆಮ್ಮಿ ನಿಂತಾಗಲೆಲ್ಲ ಊರು ಕರೆಯುವುದು ತನ್ನನ್ನೇ ಅಂತ. ಅತಾರ್ ಪೇಟೆಗೆ ಹೋಗುವ ಪಿಕಪ್‌ನವನು ವಾರಕ್ಕೆ ಎರಡು ಸಲ ಬರುತ್ತೇನೆಂದು ಒಂದು ಸಲವೂ ಬರದೆ, ಬುಟ್ಟಿ ಬುಟ್ಟಿ ಖರ್ಜೂರ ಹುಳಿಯೇಳುವುದನ್ನು ಹೆಂಗಸರು ಕೆನ್ನೆಗೆ ಕೈ ಕೊಟ್ಟು ನೋಡುತ್ತಾರೆ ಅಂತ. ಹಿಂದೆ ಅಪ್ಪ ಜರ್ಗಾಳಲ್ಲಿ ಹೊಡೆಯುತ್ತಿದ್ದ ದಾರಿಯನ್ನು, ಇಲ್ಲಿಂದ ಬಿಡಾರಗಳಿಗೆ, ಬಿಡಾರಗಳಿಂದ ಅತಾರ್‌ಗೆ, ತಾನು ಹೊಡೆಯಬೇಕು ಅಂತ. ಅದನ್ನು ಅವಳು ಎಷ್ಟು ವರ್ಷದಿಂದ ಮನಸ್ಸಿನಲ್ಲೇ ಹೊಡೆಯುತ್ತಿದ್ದಳೆಂದರೆ, ಯಾವ ಮರಳುದಿಬ್ಬದಲ್ಲಿ ಯಾವ ಗೇರು ಎನ್ನುವುದೂ ಗೊತ್ತಿತ್ತು. ಗಾಡಿ ಹೋದರೆ ಆ ದಾರಿಯೂ ಹೋಗುತ್ತಿತ್ತು. ಉಳಿಯುವುದು ಅಂಗಡಿಯ ಮೇಜು.

ಇಷ್ಟೂ ಗಂಟಲ ತನಕ ಬಂತು. ಬಾಯಿಗೆ ಬಂದದ್ದು ಇಷ್ಟೇ: “ಗುರುವಾರಕ್ಕೆ ನಾಲ್ಕು ದಿನ ಇದೆ.”

“ಹದಿನೈದು ವರ್ಷ ಏಳದೇ ಇದ್ದದ್ದು ನಾಲ್ಕು ದಿನಕ್ಕೆ ಏಳುತ್ತಾ?”

ಮೆನ್ನಾ ಕೆಂಡದ ಮೇಲಿನ ಬೂದಿ ಕೊಡವಿದಳು. “ಕೂತ ಒಂಟೆ ಮಾರೋ ಮೊದಲು ಒಂದು ಸಲ ಎಬ್ಬಿಸಿ ನೋಡೋದು ನ್ಯಾಯ ಕಣೋ. ಗುರುವಾರದೊಳಗೆ ಜರ್ಗಾ ಎದ್ರೆ ನಮ್ಮವಳು, ಎಬ್ಬಿಸಿದವರ ಕೈಲಿರ್ತಾಳೆ. ಏಳದಿದ್ರೆ ಆ ರಣಹದ್ದಿಗೆ. ಗಾಡಿ ನಮ್ಮ ಮೂವರದ್ದು, ನನ್ನ ಪಾಲಿನ ಮಾತು ಇದು.”

“ಆಯ್ತಮ್ಮ,” ಅಂದ ದೆದ್ದಾ, ಗೆದ್ದವನ ಧಾರಾಳದಲ್ಲಿ. “ನಾಲ್ಕು ದಿನಾನೂ ಪೂರ್ತಿ ಕೊಟ್ಟೆ.”

*

ಊರು ಮಧ್ಯಾಹ್ನದ ನಿದ್ದೆಗೆ ಬಿದ್ದಾಗ ತೆಕ್ಬರ್ ಬಾನೆಟ್ ಎತ್ತಿದಳು. ಎಷ್ಟೋ ಸಲ ನೋಡಿದ ಎಂಜಿನ್ನೇ. ಆದರೆ ಹ್ಮೈದಾ ಬೆರಳು ಹಾಕಿದ ತೂತನ್ನು, ಕಳ್ಳನಾಗಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಯೋಚಿಸುತ್ತ ನೋಡಿದ್ದು ಇದೇ ಮೊದಲು.

ಕಳ್ಳ ಬ್ಯಾಟರಿ ಬಿಡುತ್ತಾನೆಯೇ? ಬ್ಯಾಟರಿ ಅಲ್ಲೇ ಕೂತು ಸತ್ತಿತ್ತು. ಸೀಟಿನ ಕೆಳಗಿನ ಪಾನಾಗಳನ್ನು ಬಿಡುತ್ತಾನೆಯೇ? ಎಲ್ಲ ಅಲ್ಲೇ ಇದ್ದವು. ಅವಸರದ ಕಳ್ಳ ಎಳೆದು ಕಿತ್ತಿದ್ದರೆ ತಂತಿಗಳು ಹರಿದಿರಬೇಕಿತ್ತು. ನಾಲ್ಕು ತಂತಿಗಳೂ ಒಪ್ಪವಾಗಿ ಮಡಚಿಕೊಂಡು ಮೂಲೆಯಲ್ಲಿದ್ದವು. ಧೂಳು ಊದಿದಳು. ಒಂದೊಂದರ ತುದಿಗೂ ನೀಲಿ ಬಟ್ಟೆಯ ಚಿಂದಿ ಸುತ್ತಿತ್ತು. ಮೊದಲನೆಯದಕ್ಕೆ ಒಂದು ಗಂಟು. ಎರಡನೆಯದಕ್ಕೆ ಎರಡು. ಮೂರು. ನಾಲ್ಕು.

ಆ ಗಂಟು ಅವಳಿಗೆ ಗೊತ್ತು. ಎಡಕ್ಕೆ ಸುತ್ತಿ ಒಳಗಿನಿಂದ ಎಳೆಯುವ ಗಂಟು. ಅಪ್ಪ ಎಡಗೈಯವನು.

ಅವನು ಹೇಳುತ್ತಿದ್ದದ್ದೂ ನೆನಪಾಯಿತು. ಬಿಡಾರದಿಂದ ದೂರ ಜರ್ಗಾಳನ್ನು ನಿಲ್ಲಿಸಿ ಹೋಗಬೇಕಾದಾಗಲೆಲ್ಲ ಬಾನೆಟ್ ಎತ್ತಿ ಏನನ್ನೋ ಬಿಚ್ಚಿಕೊಂಡು ಬರುತ್ತಿದ್ದ. “ಸವಾರ ಇಳಿದ ಮೇಲೆ ಮುಂಗಾಲಿಗೆ ಕಟ್ಟು ಹಾಕಬೇಕು ಮಗಳೇ. ಇಲ್ಲದಿದ್ರೆ ಒಂಟೆ ಯಾರ ಹಿಂದೆ ಬೇಕಾದ್ರೂ ಹೋಗುತ್ತೆ.”

ಡಬ್ಬಿ ಬಿಚ್ಚಿದವನು ಅಪ್ಪನೇ. ಕಳ್ಳ ಬಂದೇ ಇರಲಿಲ್ಲ.

ಆ ಕೊನೆಯ ಸಲ ಅವನು ಒಬ್ಬನೇ ಹೋಗಿದ್ದ. ಲೆಮ್‌ಸೈದಾ ಕಣಿವೆಯಲ್ಲಿ ರೇಡಿಯೇಟರಿನ ಕೊಳವೆ ಒಡೆದು ನೀರೆಲ್ಲ ಮರಳಿಗೆ ಹೋಯಿತು. ಜೂನ್ ತಿಂಗಳು. ಊರಿಗೆ ನಡೆದುಕೊಂಡು ಬಂದ. ಬಂದವನು ಬಾವಿಯ ಹತ್ತಿರವೇ ಕುಸಿದ. ಎರಡು ದಿನ ಮಾತಿಲ್ಲದೆ ಮಲಗಿದ್ದು ತೀರಿಕೊಂಡ. ಕಾಲ್ಕಟ್ಟು ಎಲ್ಲಿಟ್ಟೆ ಎಂದು ಹೇಳಲು ಅವನಿಗೆ ಬಾಯಿರಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೆನ್ನಾಳ ತಮ್ಮ ಯೆಸ್ಲೆಮ್, ಅಕ್ಕನ ಗಂಡನ ಗಾಡಿ ಬಯಲಲ್ಲಿ ಅನಾಥವಾಗಿ ಬಿದ್ದಿರಬಾರದೆಂದು, ಆರು ಒಂಟೆ ಕಟ್ಟಿ ಮೂರು ದಿನ ಎಳೆಸಿಕೊಂಡು ಬಂದು ಗುಡಾರದ ಮುಂದೆ ನಿಲ್ಲಿಸಿದ. ಆಗಿನಿಂದ ಅದು ಅಲ್ಲೇ.

ತೆಕ್ಬರ್ ಬಾನೆಟ್ ಮುಚ್ಚಲಿಲ್ಲ. ಮೊದಲು ನಾಲ್ಕೂ ಪ್ಲಗ್ ಬಿಚ್ಚಿ, ಪಂಪಿಗೆಂದು ಇಟ್ಟಿದ್ದ ಎಣ್ಣೆಯನ್ನು ಒಂದೊಂದು ತೂತಿಗೂ ಒಂದೊಂದು ಟೀ ಲೋಟದಷ್ಟು ಹುಯ್ದಳು. ಒಳಗೆ ಅಂಟಿ ಕೂತದ್ದೇನಿದ್ದರೂ ನಾಲ್ಕು ದಿನ ನೆನೆಯಲಿ. ಆಮೇಲೆ ಮೈಗೆ ಸುತ್ತಿದ ಮೆಲ್ಹಫಾದ ಸೆರಗು ತಲೆಗೆಳೆದುಕೊಂಡು, ಬಿಸಿಲಲ್ಲೇ ಯೆಸ್ಲೆಮ್ ಮಾವನ ಗುಡಾರಕ್ಕೆ ಓಡಿದಳು.

ಮಾವ ಮಲಗಿದ್ದ. ಎಬ್ಬಿಸಿದಳು.

“ಮಾವಾ, ಅವತ್ತು ಜರ್ಗಾಳ ಹತ್ತಿರ ಏನಿತ್ತು?”

“ಯಾವತ್ತು?”

“ಎಳ್ಕೊಂಡು ಬಂದ್ಯಲ್ಲ, ಅವತ್ತು.”

ಯೆಸ್ಲೆಮ್ ಎದ್ದು ಕೂತು ಗಡ್ಡ ಕೆರೆದುಕೊಂಡ. “ಏನಿರುತ್ತೆ? ಮರಳು. ಕಲ್ಲು. ಒಂದು ತಲ್ಹಾ ಮರ. ಅದರ ನೆರಳಲ್ಲೇ ನಾವು ಖರ್ಜೂರ ತಿಂದ್ವಿ.”

“ಮರದಲ್ಲಿ?”

“ಮರದಲ್ಲಿ ಏನು? ಮುಳ್ಳು.”

“ಮುಳ್ಳು ಬಿಟ್ಟು.”

“ಮುಳ್ಳು ಬಿಟ್ಟು...” ಮಾವ ಕಣ್ಣು ಕಿರಿದು ಮಾಡಿದ. “ಯಾರದ್ದೋ ಒಂದು ಚೀಲ ತೂಗ್ತಾ ಇತ್ತು.”

“ನೋಡಿದ್ಯಾ?”

“ನೋಡ್ದೆ ಏನು? ತಲೆಗೆ ತಾಗ್ತಾ ಇತ್ತು. ಎರಡು ಸಲ ಬಗ್ಗಿದೀನಿ.”

“ಮತ್ತೆ ಯಾಕೆ ತರ್ಲಿಲ್ಲ?”

ಯೆಸ್ಲೆಮ್ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. “ಮರಕ್ಕೆ ತೂಗಿಹಾಕಿದ್ದನ್ನ? ನಾನು? ನಮ್ಮ ಮನೆತನದಲ್ಲಿ ಯಾರಾದ್ರೂ ಬೇರೆಯವರು ಮರಕ್ಕೆ ತೂಗಿದ್ದನ್ನ ಮುಟ್ಟಿದಾರಾ? ಹಸಿವಲ್ಲಿ ಸಾಯ್ತಾ ಇದ್ರೂ ಮುಟ್ಟಲ್ಲ. ಇಟ್ಟವರು ಬರ್ತಾರೆ, ತಗೋತಾರೆ.”

“ಇಟ್ಟವರು ಅಪ್ಪ, ಮಾವಾ.”

ಯೆಸ್ಲೆಮ್‌ನ ಕೈ ಗಡ್ಡದಲ್ಲೇ ನಿಂತಿತು. ಮೂರು ದಿನ, ಆರು ಒಂಟೆ, ಸಿಡಿದ ಎರಡು ಹಗ್ಗ. ಗಾಡಿಯನ್ನು ತಂದಿದ್ದ, ಅದರ ಜೀವವನ್ನು ತಲೆಗೆ ತಾಗಿಸಿಕೊಂಡು, ಮರ್ಯಾದೆಯಿಂದ ಬಗ್ಗಿ, ಅಲ್ಲೇ ಬಿಟ್ಟು ಬಂದಿದ್ದ.

“ಅಯ್ಯೋ ನನ್ನ ಪ್ರಾಮಾಣಿಕತನಕ್ಕೆ ಬೆಂಕಿ ಬೀಳ,” ಅಂದ. “ಏಳು. ಒಂಟೆ ಕಟ್ಟು.”

*

ಪಿಕಪ್‌ನವನಿಗೆ ಫೋನ್ ಮಾಡಿ ಕೇಳಿದ್ದಾಯಿತು. ಹದಿನೈದು ವರ್ಷದ ಚೀಲಕ್ಕೆ ನನ್ನ ಟೈರು ಸವೆಸಬೇಕಾ ಎಂದು ಅವನು ನಕ್ಕ. ಸೋಮವಾರ ಬೆಳಕು ಹರಿಯುವಾಗ ಮಾವ, ಸೊಸೆ ಎರಡು ಒಂಟೆ ಹತ್ತಿ ಹೊರಟರು. ದೆದ್ದಾ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಕೂಗಿದ: “ಚೀಲದಲ್ಲಿ ನನಗೊಂದು ಹೊಸ ಕಾರಿದ್ರೆ ಅದನ್ನೂ ತಗೊಂಡು ಬಾ!”

ದಾರಿಯುದ್ದ ಯೆಸ್ಲೆಮ್ ತನ್ನನ್ನು ತಾನೇ ಬೈದುಕೊಂಡ. ನಡುವೆ ಸುಸ್ತಾದಾಗ ಒಂಟೆಯನ್ನು ಬೈದ. ತೆಕ್ಬರಳಿಗೆ ಮಾವನ ಜೊತೆ ಹೋಗುವುದು ಇಷ್ಟ. ಅವನ ಜೊತೆ ಯಾರೂ ಮಾತಾಡಬೇಕಾಗಿಲ್ಲ.

ಮಂಗಳವಾರ ಮಧ್ಯಾಹ್ನ ಲೆಮ್‌ಸೈದಾ ಕಣಿವೆಗೆ ಇಳಿದರು. ಯೆಸ್ಲೆಮ್ ಒಂದು ಕರಿಬಂಡೆ ನೋಡಿದ, ಅದರಿಂದ ನೂರು ಹೆಜ್ಜೆ ಎಡಕ್ಕೆ ನಡೆದ, ನಿಂತ.

ಮರ ಇರಲಿಲ್ಲ.

“ಇಲ್ಲೇ,” ಅಂದ. “ಇದೇ ಬಂಡೆ. ಇಲ್ಲೇ ನಾನು ಬಗ್ಗಿದ್ದು.” ಸುತ್ತ ತಿರುಗಿದ. ಹೊಳೆಯ ಒಣ ಹಾಸು ಮೊದಲಿದ್ದ ಕಡೆಯಿಂದ ಇತ್ತ ಸರಿದು ಬಂದಿತ್ತು. ಯಾವುದೋ ವರ್ಷ ನೀರು ಬಂದು ದಂಡೆಯನ್ನೇ ತಿಂದುಹಾಕಿತ್ತು. ಮರಳಿನಲ್ಲಿ ಅರ್ಧ ಹೂತ ಒಂದು ಬೋಳು ಕಾಂಡ, ಬೇರು ಮೇಲೆ ಮಾಡಿಕೊಂಡು ಬಿದ್ದಿತ್ತು.

ತೆಕ್ಬರ್ ಅದರ ಪಕ್ಕದಲ್ಲಿ ಮಂಡಿಯೂರಿ ಕೈಯಲ್ಲಿ ಮರಳು ಬಗೆದಳು. ಮೊಣಕೈ ತನಕ ಬಗೆದಳು. ಆಚೆ ಬದಿಗೆ ಹೋಗಿ ಬಗೆದಳು. ಯೆಸ್ಲೆಮ್ “ಮಗಳೇ, ಸಾಕು” ಅಂದದ್ದು ಕೇಳಿಸಿದರೂ ಬಗೆದಳು. ಕಣ್ಣಲ್ಲಿ ಮೊಬೈಲ್ ಅಂಗಡಿಯ ಗಾಜಿನ ಮೇಜು ಬಂದು ನಿಂತಿತ್ತು. ಅದರ ಮೇಲೆ ತನ್ನ ಎರಡು ಕೈ, ಉಗುರಲ್ಲಿ ಗ್ರೀಸಿಲ್ಲದ, ತೊಳೆದ ಕೈ.

“ಏನು ಕಳ್ಕೊಂಡಿದೀಯೇ ಹುಡುಗಿ? ಉಂಗುರಾನಾ, ಗಂಡನ್ನಾ?”

ದಂಡೆಯ ಮೇಲೆ ಒಬ್ಬ ಮುದುಕಿ ನಿಂತಿದ್ದಳು. ಹಿಂದೆ ಇಪ್ಪತ್ತು ಮೂವತ್ತು ಮೇಕೆ. ಹೆಸರು ಸೆಲೇಖಾ ಎಂದೂ, ಬೇಸಿಗೆಗೆ ಪ್ರತಿ ವರ್ಷ ಇದೇ ಕಣಿವೆಯಲ್ಲಿ ಬಿಡಾರ ಹೂಡುವವಳೆಂದೂ ಆಮೇಲೆ ತಿಳಿಯಿತು.

ಯೆಸ್ಲೆಮ್ ಬಾಯಿ ತೆರೆದ. ಆದರೆ ಅಷ್ಟರಲ್ಲಿ ತೆಕ್ಬರಳೇ ಎದ್ದು ನಿಂತು, “ಚೀಲ,” ಅಂದಳು. “ಈ ಮರದಲ್ಲಿ ಒಂದು ಚೀಲ ಇತ್ತು. ನಮ್ಮಪ್ಪ ತೂಗಿದ್ದು.”

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಗುರುತು?”

ತೆಕ್ಬರ್ ಬಗ್ಗಿ ಮರಳಿನ ಮೇಲೆ ಬೆರಳಲ್ಲಿ ಬರೆದಳು. ಒಂದು ಬಳೆ. ಕೆಳಗೆ ಎರಡು ಗೀರು.

ಸೆಲೇಖಾ ದಂಡೆ ಇಳಿದು ಬಂದು ಅದರ ಮೇಲೆ ಬಾಗಿ ನೋಡಿದಳು. ಆಮೇಲೆ ಮೇಕೆಗಳಿಗೆ ಕೇಳಿಸುವ ಹಾಗೆ ಜೋರಾಗಿ ಅಂದಳು: “ಅಂತೂ ಬಂದ್ರಲ್ಲಪ್ಪಾ! ನಾನು ಸತ್ತ ಮೇಲೆ ಬರ್ತಾರೇನೋ ಅಂದ್ಕೊಂಡಿದ್ದೆ.”

ಬಂಡೆಯ ಆಚೆ ಬೇರೊಂದು ತಲ್ಹಾ ಮರವಿತ್ತು. ಅದರ ನಡುಗೊಂಬೆಗೆ, ಮೇಕೆಗೆ ಎಟುಕದ ಎತ್ತರದಲ್ಲಿ, ಒಂದು ಚರ್ಮದ ಚೀಲ ತೂಗುತ್ತಿತ್ತು. ಬಿಸಿಲಿಗೆ ಕಪ್ಪಗಾಗಿ ಮರದ ತೊಗಟೆಯ ಹಾಗೇ ಆಗಿತ್ತು. ಹಗ್ಗ ಮಾತ್ರ ಹೊಸದು.

“ಆ ಮರ ನೀರಿಗೆ ಬಿತ್ತು. ಮರ ಬಿತ್ತು ಅಂತ ಚೀಲ ಬೀಳೋಕೆ ಬಿಡ್ತೀವಾ? ತಂದು ಇಲ್ಲಿಗೆ ಏರಿಸಿದ್ವಿ,” ಅಂದಳು ಸೆಲೇಖಾ. “ಹಗ್ಗ ಎರಡು ಸಲ ಬದಲಾಯಿಸಿದೀನಿ. ಎರಡನೇ ಸಲದ್ದು ನನ್ನ ಒಳ್ಳೇ ಹಗ್ಗ. ಅದನ್ನ ಬಿಟ್ಟು ಹೋಗು.”

“ಒಳಗೇನಿದೆ ಅಂತ ನೋಡ್ಲಿಲ್ವಾ ಅಜ್ಜಿ?”

“ನನ್ನದಾ ನೋಡೋಕೆ?”

ಯೆಸ್ಲೆಮ್ ಚೀಲ ಇಳಿಸಿದ. ಹಗ್ಗದ ಕೆಳಗೆ ಮುಚ್ಚಿಹೋಗಿದ್ದ ಮಡಿಕೆಯಲ್ಲಿ ಒಂದು ಬಳೆ, ಎರಡು ಗೀರು. ಒಣಗಿ ಕಲ್ಲಾಗಿದ್ದ ಬಾಯಿದಾರವನ್ನು ಚಾಕುವಿನಿಂದ ಕೊಯ್ದ. ಒಳಗೆ ನೀಲಿ ಬಟ್ಟೆಯ ಉಂಡೆ. ಅದನ್ನು ತೆಕ್ಬರಳೇ ಬಿಚ್ಚಿದಳು. ಒಂದು ಸುತ್ತು, ಎರಡು ಸುತ್ತು, ಏಳು ಸುತ್ತು. ಒಂಟೆಕೊಬ್ಬು ಸವರಿದ ಕಿಡಿಡಬ್ಬಿ, ತಲೆಯ ಮೇಲೆ ಕಪ್ಪು ಮುಚ್ಚಳ ಹೊತ್ತುಕೊಂಡು, ನಿನ್ನೆ ಬಿಚ್ಚಿಟ್ಟ ಹಾಗೆ ಅವಳ ಅಂಗೈಯಲ್ಲಿ ಕೂತಿತು. ಮುಚ್ಚಳದ ನಾಲ್ಕು ಗೂಡುಗಳ ಪಕ್ಕದಲ್ಲಿ ಮೊಳೆಯಲ್ಲಿ ಗೀರಿದ ಗುರುತು: ಒಂದು, ಎರಡು, ಮೂರು, ನಾಲ್ಕು. ಚೀಲದ ತಳದಲ್ಲಿ ಅರ್ಧ ಪೊಟ್ಟಣ ಟೀಯೂ ಇತ್ತು. ವಾಪಸು ಬಂದಾಗ ಮೊದಲು ಟೀ ಕಾಯಿಸಬೇಕಲ್ಲ.

ಯೆಸ್ಲೆಮ್ ಮುಖ ಆ ಕಡೆ ತಿರುಗಿಸಿಕೊಂಡು ಒಂಟೆಯ ಮೂಗುದಾರ ಸರಿಮಾಡತೊಡಗಿದ. ಸರಿಯಾಗೇ ಇದ್ದ ಮೂಗುದಾರ. ತೆಕ್ಬರ್ ಸೆಲೇಖಾಳ ಎರಡೂ ಕೈ ಹಿಡಿದುಕೊಂಡಳು.

“ಸರಿ ಸರಿ,” ಅಂದಳು ಮುದುಕಿ. “ಬಾ, ಮಜ್ಜಿಗೆ ಕುಡಿ. ದಾರಿ ದೂರ ಇದೆ.”

*

ಗುರುವಾರ ಅವರು ಊರು ಮುಟ್ಟುವಾಗ ಹ್ಮೈದಾನ ಲಾರಿ ಆಗಲೇ ಬಂದು ನಿಂತಿತ್ತು. ಹಿಂದೆ ಚಿಂಗೆಟಿಯ ಗಾಡಿ, ಹಗ್ಗ ಬಿಗಿಸಿಕೊಂಡು. ಜರ್ಗಾಳ ಮುಂದಿನ ಕೊಕ್ಕೆಗೂ ಒಂದು ಸರಪಳಿ ಹಾಕಿಯಾಗಿತ್ತು.

ಒಂಟೆ ಕೂರುವ ಮೊದಲೇ ತೆಕ್ಬರ್ ಧುಮುಕಿದಳು. ನೇರ ಹೋಗಿ ಸರಪಳಿ ಬಿಚ್ಚಿದಳು. ಅವಳು ಅಷ್ಟು ಜನರ ನಡುವೆ ಹಾಗೆ ನಡೆದದ್ದನ್ನು ಊರು ನೋಡಿರಲಿಲ್ಲ. ಖರ್ಜೂರ ಬಿಡಿಸುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟರು.

“ಏ ಏ! ಏನಮ್ಮಾ ಇದು?” ಎಂದು ಬಂದ ಹ್ಮೈದಾ, ಅವಳು ಬಟ್ಟೆಯ ಉಂಡೆ ಬಿಚ್ಚುವುದನ್ನು ನೋಡಿ ನಿಂತ. ಕನ್ನಡಕ ಹಣೆಗೇರಿಸಿದ. ಬಾಗಿದ. ಕೂಸನ್ನು ನೋಡುವ ಹಾಗೆ ನೋಡಿದ.

“ಇದು ಅದೇನಾ? ಇದೇ ಗಾಡೀದಾ? ಎಲ್ಲಿತ್ತು?”

“ಮರದಲ್ಲಿ,” ಅಂದ ಯೆಸ್ಲೆಮ್. “ನನ್ನ ತಲೆ ಮೇಲೆ.”

ದೆದ್ದಾ ಹತ್ತಿರ ಬಂದು ಡಬ್ಬಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

ಡಬ್ಬಿ ತೂತಿಗೆ ಕೂತಿತು. ಎರಡು ಸಲ ತಿರುಗಿಸಿದ ಮೇಲೆ ‘ಕಟ್’ ಎಂದು ಹಲ್ಲು ಹಲ್ಲಿಗೆ ಸೇರಿತು. ಒಂದು ಗಂಟಿನ ತಂತಿ ಒಂದು ಗೀರಿನ ಗೂಡಿಗೆ, ಎರಡರದ್ದು ಎರಡಕ್ಕೆ. ಒಳಗೆ ಕಿಡಿ ಹಾರಿಸುವ ತುದಿಗಳನ್ನು ಅವಳು ಉಗುರು ತಿಕ್ಕುವ ಅರದಿಂದ ಮೆಲ್ಲಗೆ ತಿಕ್ಕಿ ಹೊಳಪು ಮಾಡಿದಳು. ಒಡೆದಿದ್ದ ನೀರಿನ ಕೊಳವೆಯ ಜಾಗಕ್ಕೆ ತೋಟದ ಪಂಪಿನ ಕೊಳವೆ ಬಿಗಿದಳು. ಪೆಟ್ರೋಲ್ ಟ್ಯಾಂಕು ತುಕ್ಕು ತುಂಬಿ ಹಾಳಾಗಿತ್ತು. ಅದಕ್ಕೆ ಡಬ್ಬವೊಂದನ್ನು ಕಿಟಕಿಯ ಕಂಬಿಗೆ ತೂಗಿ, ಸಣ್ಣ ನಳಿಕೆ ಇಳಿಬಿಟ್ಟಳು, ಆಸ್ಪತ್ರೆಯಲ್ಲಿ ರೋಗಿಗೆ ಹನಿ ಏರಿಸುವ ಹಾಗೆ. ಆಮೇಲೆ ತಲೆ ಎತ್ತಿ ಹ್ಮೈದಾನನ್ನು ನೋಡಿದಳು.

“ಬ್ಯಾಟರಿ ಬೇಕು.”

“ನನ್ನದಾ?”

“ಪೆಟ್ರೋಲೂ.”

ಹ್ಮೈದಾ ಆಕಾಶ ನೋಡಿದ. “ದೇವರೇ, ನನ್ನ ಬ್ಯಾಟರಿ, ನನ್ನ ಪೆಟ್ರೋಲು, ಕೊನೆಗೆ ನನಗೇ ನಾಮ.” ಆದರೆ ಅವನ ಕಾಲು ಆಗಲೇ ಲಾರಿಯ ಕಡೆ ಓಡುತ್ತಿತ್ತು. ಇಪ್ಪತ್ತು ವರ್ಷ ಅವನು ಸತ್ತ ಗಾಡಿಗಳನ್ನೇ ಹೊತ್ತಿದ್ದ. ಒಂದಾದರೂ ಕಣ್ಣ ಮುಂದೆ ಎದ್ದದ್ದನ್ನು ನೋಡಿರಲಿಲ್ಲ. ಕೇಳದಿದ್ದರೂ ಗಾಳಿ ಯಂತ್ರ ತಂದು ನಾಲ್ಕೂ ಟೈರಿಗೆ ಊದಿದ. ಎರಡು ಗಾಳಿ ಹಿಡಿದವು. ಉಳಿದೆರಡು ನಿಟ್ಟುಸಿರು ಬಿಟ್ಟವು. “ಮರಳಿಗೆ ಅಷ್ಟು ಸಾಕು,” ಅಂದಳು ತೆಕ್ಬರ್.

ಗಾಡಿಯ ಮುಂದಿನ ತೂತಿಗೆ ಎಂಜಿನ್ ತಿರುಗಿಸುವ ಸುತ್ತುಹಿಡಿ ಸಿಕ್ಕಿಸಿದಳು. ಮೈಭಾರವೆಲ್ಲ ಹಾಕಿ ಒತ್ತಿದಳು. ಅಲುಗಲಿಲ್ಲ. ಮತ್ತೆ ಒತ್ತಿದಳು. ಒಳಗೆಲ್ಲೋ ಅಂಟು ಬಿಟ್ಟ ಸದ್ದು; ಹಿಡಿ ಕಾಲು ಸುತ್ತು ತಿರುಗಿತು. ನಾಲ್ಕು ದಿನ ನೆನೆದ ಎಣ್ಣೆ ಕೆಲಸ ಮಾಡಿತ್ತು. ಸುತ್ತಿ ಸುತ್ತಿ ಎಣ್ಣೆಯನ್ನೆಲ್ಲ ಕಾರಿಸಿ, ಪ್ಲಗ್ ಹಾಕಿ, ಬ್ಯಾಟರಿಯ ತಂತಿ ಕೊಟ್ಟು, ಮತ್ತೆ ಸುತ್ತಿದಳು.

‘ಢಂ!’

ಹೊಗೆಕೊಳವೆಯಿಂದ ಕರಿ ಮುದ್ದೆ ಹಾರಿತು. ಮೇಕೆಗಳು ಚದುರಿದವು. ಒಳಗೆ ಸಂಸಾರ ಹೂಡಿದ್ದ ಹಲ್ಲಿಯೊಂದು ಹೊರಬಿದ್ದು ಓಡಿತು.

“ಬಾಡಿಗೆ ಕೊಡ್ದೆ ಇದ್ದ ಬಾಡಿಗೆದಾರ!” ಮೆನ್ನಾ ಕೂಗಿದಳು. ಹೆಂಗಸರು ನಕ್ಕರು.

“ಸಾಕು ತೆಕ್ಬರ್,” ಅಂದ ದೆದ್ದಾ, ಮೆತ್ತಗೆ. ಬೈಗುಳ ಇರಲಿಲ್ಲ ಅದರಲ್ಲಿ. “ಕೈ ಮುರ್ಕೋತೀಯ.”

ಅವಳು ಕಿವಿಗೊಡಲಿಲ್ಲ. ಕಿವಿ ಎಂಜಿನ್ನಿನಲ್ಲಿತ್ತು. ಪಂಪೂ ಹೀಗೇ ಸಿಡಿಯುತ್ತದೆ, ಹೊತ್ತಿಗೆ ಮೊದಲೇ ಉರಿದರೆ. ಕಿಡಿ ಬಂದಿದೆ; ಆದರೆ ಅವಸರದ ಕಿಡಿ. ಡಬ್ಬಿಯ ಕೆಳಗಿನ ತಿರುಪು ಸಡಿಲಿಸಿ, ಡಬ್ಬಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ಯೋಚಿಸಿ ಇನ್ನೊಂದು ಎಳೆ. ಬಿಗಿದಳು.

“ದೆದ್ದಾ, ಒಳಗೆ ಕೂತ್ಕೋ. ಸದ್ದು ಬಂದ ತಕ್ಷಣ ಕಾಲು ಒತ್ತು. ಮೆಲ್ಲಗೆ.”

ಅಣ್ಣನಿಗೆ ಅವಳು ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಅವನು ಹೋಗಿ ಅಪ್ಪನ ಸೀಟಿನಲ್ಲಿ ಕೂತ.

ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ.

ಕೆಮ್ಮು. ಇನ್ನೊಂದು ಕೆಮ್ಮು. ಆಮೇಲೆ ಗಂಟಲು ಸರಿಮಾಡಿಕೊಂಡ ಮುದುಕಿಯ ಹಾಗೆ, ಮೊದಲು ಒರಟಾಗಿ, ಆಮೇಲೆ ತನಗೇ ನಂಬಿಕೆ ಬಂದು ಗಟ್ಟಿಯಾಗಿ, ಜರ್ಗಾ ಗುರುಗುಟ್ಟತೊಡಗಿದಳು. ತಗಡೆಲ್ಲ ನಡುಗಿತು. ಬಾನೆಟ್ಟಿನ ಮೇಲಿದ್ದ ಹದಿನೈದು ವರ್ಷದ ಮರಳು ಕುಣಿಯುತ್ತ ಅಂಚಿನಿಂದ ಸುರಿಯಿತು.

ಹೆಂಗಸರು ನಾಲಗೆ ಆಡಿಸಿ ‘ಲುಲುಲು’ ಎಂದು ಹರ್ಷದ ಕೂಗು ಹಾಕಿದರು. ಮೊದಲು ಒಬ್ಬಳು, ಆಮೇಲೆ ಇಡೀ ತೋಟ. ಯೆಸ್ಲೆಮ್ ಕೋಲೆತ್ತಿ ಕುಣಿದ. ಅವನ ಒಂಟೆ ಬೆದರಿ ಕೂಗಿತು. ಹ್ಮೈದಾ ತಾನೇ ಗೆದ್ದವನ ಹಾಗೆ ಎದೆ ಬಡಿದುಕೊಂಡು, “ನನ್ನ ಬ್ಯಾಟರಿ! ನನ್ನ ಬ್ಯಾಟರಿ ಕಣ್ರೋ!” ಎಂದು ಕಿರುಚಿದ. ದೆದ್ದಾ ಚಕ್ರದ ಮೇಲೆ ತಲೆಯಿಟ್ಟು ಕೂತಿದ್ದ. ಕಾಲು ಮಾತ್ರ ಮೆಲ್ಲಗೆ ಒತ್ತುತ್ತಲೇ ಇತ್ತು.

ಹ್ಮೈದಾ ಉಸಿರು ತಿರುಗಿಸಿಕೊಂಡು ವ್ಯಾಪಾರಿಯಾದ. “ಮೂರೂವರೆ ಲಕ್ಷ. ಈಗಲೇ. ಕೈಗೆ.”

ಎಲ್ಲರೂ ದೆದ್ದಾನ ಕಡೆ ನೋಡಿದರು. ಅವನು ಇಳಿದು ಬಂದು ಮುಖ ಒರೆಸಿಕೊಂಡ. “ನನ್ನನ್ನ ಯಾಕೆ ಕೇಳ್ತೀಯ? ಎಬ್ಬಿಸಿದವರನ್ನ ಕೇಳು.”

ಎಲ್ಲರೂ ತೆಕ್ಬರಳ ಕಡೆ ನೋಡಿದರು. ಅಷ್ಟೂ ಕಣ್ಣು. ಅವಳಿಗೂ ಅವರಿಗೂ ನಡುವೆ ಏನೂ ಅಡ್ಡ ಇರಲಿಲ್ಲ.

“ಕೊಡಲ್ಲ,” ಅಂದಳು.

“ನಾಲ್ಕು!”

“ಕೊಡಲ್ಲ. ಮುಂದಿನ ಶನಿವಾರ ಖರ್ಜೂರ ಅತಾರ್‌ಗೆ ಹೋಗ್ಬೇಕು.” ಆಮೇಲೆ, ಇಷ್ಟು ಹೇಳಿದ್ದಾಯಿತಲ್ಲ ಎಂದೋ ಏನೋ, ಇನ್ನೂ ಸೇರಿಸಿದಳು: “ಬ್ಯಾಟರಿ ಇಲ್ಲೇ ಇರ್ಲಿ. ಅಷ್ಟರಲ್ಲಿ ಸಂತೇಲಿ ಒಳ್ಳೇ ಟೈರು ಕಂಡ್ರೆ ತಗೊಂಡು ಬಾ. ನಾಲ್ಕು. ಕಾಸು ಸುಗ್ಗಿ ಮುಗಿದ ಮೇಲೆ.”

ಹ್ಮೈದಾ ಮೆನ್ನಾಳ ಕಡೆ ತಿರುಗಿದ. “ತಾಯೀ, ನಿಮ್ಮ ಮಗಳಿಗೆ ಮಾತೇ ಬರಲ್ಲ ಅಂದ್ಕೊಂಡಿದ್ದೆ!”

“ನಿನ್ನೆ ತನಕ ಬರ್ತಿರಲಿಲ್ಲ,” ಅಂದಳು ಮೆನ್ನಾ. “ಅದೂ ಆ ಚೀಲದಲ್ಲೇ ಇತ್ತೇನೋ.”

ಅವಳು ಗಾಡಿ ಹತ್ತಿ ಮಗಳ ಪಕ್ಕದಲ್ಲಿ ಕೂತಳು. ತೆಕ್ಬರ್ ಗೇರು ಹಾಕಿದಳು. ಜರ್ಗಾ ಒಮ್ಮೆ ಮುಗ್ಗರಿಸಿ, ಎರಡು ಚಪ್ಪಟೆ ಟೈರಿನ ಮೇಲೆ ಕುಂಟುತ್ತ, ಖರ್ಜೂರದ ತೋಪಿಗೆ ಒಂದು ಸುತ್ತು ಬಂದಳು. ಕೊನೆಯ ಮರಳೇರಿನಲ್ಲಿ ಎರಡನೇ ಗೇರು ಎಂದು ತೆಕ್ಬರ್ ವರ್ಷಗಟ್ಟಲೆ ಅಂದುಕೊಂಡಿದ್ದಳು. ಅಲ್ಲ, ಮೊದಲನೆಯದೇ ಬೇಕಾಯಿತು. ನಗು ಬಂತು.

ವಾಪಸು ಬಂದು ಎಲ್ಲರೂ ಕೂತಾಗ ಮೆನ್ನಾ ಚೀಲದ ತಳದ ಟೀಯನ್ನು ಕಾಯಿಸಿದಳು. ಹದಿನೈದು ವರ್ಷದ ಟೀ. ಗುಟುಕರಿಸಿದ ಯೆಸ್ಲೆಮ್ ಮುಖ ಕಿವುಚಿದ: “ಅಕ್ಕಾ, ಒಂಟೆ ತಿಂದು ಬಿಟ್ಟ ಹುಲ್ಲಿನ ಹಾಗಿದೆ.” ಆದರೂ ಯಾರೂ ಲೋಟ ಕೆಳಗಿಡಲಿಲ್ಲ. ಮೂರನೆಯ ಸುತ್ತಿನ ತನಕ ಕುಡಿದರು. ಮೆನ್ನಾ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ನಿಧಾನವಾಗಿ.

ಲೋಟ ಬರಿದಾದ ಮೇಲೆ ತೆಕ್ಬರ್ ಎದ್ದಳು. ಬಾನೆಟ್ ಎತ್ತಿ, ಕಿಡಿಡಬ್ಬಿಯ ಮುಚ್ಚಳ ಬಿಚ್ಚಿ, ನೀಲಿ ಬಟ್ಟೆಯಲ್ಲಿ ಸುತ್ತಿ, ಗುಡಾರದ ನಡುಗಂಬದ ಗೂಟಕ್ಕೆ ತೂಗುಹಾಕಿದಳು. ಸವಾರ ಇಳಿದ ಮೇಲೆ ಕಾಲ್ಕಟ್ಟು ಹಾಕಬೇಕು. ಆಮೇಲೆ ಹೊರಗೆ ಬಂದು ನಿಂತು, ಅಪ್ಪ ಹೇಳದೆ ಹೋದ ಒಂದೇ ಮಾತನ್ನು ಇಡೀ ತೋಟಕ್ಕೆ, ಹೊರಟು ನಿಂತಿದ್ದ ಲಾರಿಗೂ ಕೇಳಿಸುವ ಹಾಗೆ ಕೂಗಿ ಹೇಳಿದಳು:

“ಎಲ್ಲರೂ ಕೇಳಿಸ್ಕೊಳ್ಳಿ! ಜರ್ಗಾಳ ಕಾಲ್ಕಟ್ಟು ನಡುಗಂಬದಲ್ಲಿದೆ! ನಾನು ಇಟ್ಟದ್ದು!”